‘ಇಮ್ಮರ್ ವೀಡರ್’ ಎಲ್ಲಿ, ಬರೀ ‘ಇಮ್ಮರ್’ ಎಲ್ಲಿ? ಜರ್ಮನಿಯಲ್ಲಿ ಇರುವವರು ಸ್ವಲ್ಪ ಹೇಳಿ

ನೈಟ್‌ಡ್ಯೂಟಿ_ಹಾಸನ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು. ಈಗ ಉತ್ತರ ಹೆಸ್ಸೆನ್ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸ್. ವಯಸ್ಸಾದವರ ವಾರ್ಡು. ಜರ್ಮನ್ ಭಾಷೆಯ ಬಿ2 ಹಂತದ ಪರೀಕ್ಷೆ ಪಾಸಾಗಿದೆ, ಕಾಗದಪತ್ರದ ಕೆಲಸವೆಲ್ಲ ಮುಗಿದಿದೆ. ಆದರೆ ಪರೀಕ್ಷೆಯ ಜರ್ಮನ್ ಬೇರೆ, ಬೆಳಿಗ್ಗೆ ಪಾಳಿ ಬದಲಾಗುವಾಗ ನಡೆಯುವ ‘ಊಬರ್‌ಗಾಬೆ’ಯ ಜರ್ಮನ್ ಬೇರೆ. ರಾತ್ರಿ ಯಾವ ರೂಮಿನಲ್ಲಿ ಏನೇನಾಯಿತು ಅಂತ ಬೆಳಗಿನವರಿಗೆ ಚುಟುಕಾಗಿ ಹೇಳಿ ಮುಗಿಸಬೇಕು. ಅವರು ಕಾಫಿ ಹಿಡಿದುಕೊಂಡು ನಿಂತಿರುತ್ತಾರೆ, ನನಗೆ ನಿದ್ದೆ ತೂಗುತ್ತಿರುತ್ತದೆ.

ನನ್ನ ಸಮಸ್ಯೆ ‘ಇಮ್ಮರ್ ವೀಡರ್’. ಇಲ್ಲಿ ಎಲ್ಲರ ಬಾಯಲ್ಲೂ ಇದೇ. ಕ್ಲಾಸಿನಲ್ಲಿ ‘ಇಮ್ಮರ್’ ಅಂದರೆ ಯಾವಾಗಲೂ, ‘ವೀಡರ್’ ಅಂದರೆ ಮತ್ತೆ ಅಂತ ಕಲಿತಿದ್ದೆ. ಎರಡನ್ನೂ ಸೇರಿಸಿದರೆ ‘ಯಾವಾಗಲೂ ಮತ್ತೆ’ ಅಂತಾಗುತ್ತದೆ. ಅದೇನು ಮಾತು? ಹಾಗಾಗಿ ಕೇಳಿದರೆ ಗೊತ್ತಾಗುತ್ತದೆ, ಆದರೆ ನಾನಾಗಿ ಹೇಳುವಾಗ ಬಾಯಿಗೆ ಬರುವುದೇ ಇಲ್ಲ.

ಮೊನ್ನೆ ಒಬ್ಬ ಅಜ್ಜಿ ರಾತ್ರಿಯೆಲ್ಲ ಬೆಲ್ ಒತ್ತುತ್ತಿದ್ದರು. ನನ್ನ ಜೊತೆಗಿದ್ದವಳು ಬೆಳಿಗ್ಗೆ ‘ಜೀ ಕ್ಲಿಂಗೆಲ್ಟ್ ಶ್ಟೆಂಡಿಶ್’ ಅಂದಳು. ಹಿರಿಯ ನರ್ಸ್ ಮುಖ ಸ್ವಲ್ಪ ಗಂಟಿಕ್ಕಿ, ತಾನೇ ‘ಆಹಾ, ಜೀ ಹಾಟ್ ಇಮ್ಮರ್ ವೀಡರ್ ಗೆಕ್ಲಿಂಗೆಲ್ಟ್’ ಅಂತ ತಿದ್ದಿ ಬರೆದುಕೊಂಡರು. ಎರಡಕ್ಕೂ ಅಂಥ ವ್ಯತ್ಯಾಸ ಏನಿದೆ?

ಇನ್ನೊಂದು. ಬಿಪಿ ನೋಡಲು ಹೋದಾಗಲೆಲ್ಲ ಒಬ್ಬ ತಾತ ‘ಜೀ ಶೋನ್ ವೀಡರ್!’ ಅನ್ನುತ್ತಾರೆ. ನಗುತ್ತಲೇ ಹೇಳುತ್ತಾರೆ. ಆದರೆ ‘ಶೋನ್ ವೀಡರ್’ ಬೈಗುಳದ ಮಾತು ಅಂತ ಎಲ್ಲೋ ಓದಿದ್ದೆ. ನಗಬೇಕೋ, ಸಾರಿ ಕೇಳಬೇಕೋ?

ಜೊತೆಗೆ ‘ಯೇಡೆಸ್ ಮಾಲ್’ (ಪ್ರತಿ ಸಲ) ಬೇರೆ ಇದೆ. ಬೆಂಗಳೂರಿನಲ್ಲಿ ಅವೆನ್ಯೂ ರೋಡಿನಲ್ಲಿ ತೆಗೆದುಕೊಂಡ ನನ್ನ ಹಳೇ ವ್ಯಾಕರಣ ಪುಸ್ತಕದಲ್ಲಿ ಅದನ್ನು ಒಂದೇ ಪದವಾಗಿ ಬರೆದಿದ್ದಾರೆ, ಇಲ್ಲಿ ಎಲ್ಲರೂ ಬಿಡಿಸಿ ಬರೆಯುತ್ತಾರೆ. ಯಾವುದು ಸರಿ? ಮತ್ತೆ ಈ ‘ಇಮ್ಮರ್ ವೀಡರ್’ ವಾಕ್ಯದಲ್ಲಿ ಎಲ್ಲಿ ಕೂರುತ್ತದೆ?

ದಯವಿಟ್ಟು ಆ್ಯಪ್ ಹೆಸರು ಹೇಳಬೇಡಿ. ಎಲ್ಲಾ ಇವೆ ಫೋನಿನಲ್ಲಿ.

ಕಿಟಾ_ಅಕ್ಕ:

ಆ್ಯಪ್ ಹೇಳಲ್ಲ ಬಿಡಿ. ನಾನು ಎಸ್ಲಿಂಗೆನ್‌ನಲ್ಲಿ ಇರುವುದು, ಸ್ಟುಟ್‌ಗಾರ್ಟ್ ಪಕ್ಕ. ಕಿಟಾದಲ್ಲಿ ಕೆಲಸ, ಅಂದರೆ ಚಿಕ್ಕ ಮಕ್ಕಳನ್ನು ಬಿಟ್ಟು ಹೋಗುತ್ತಾರಲ್ಲ, ಆ ಜಾಗ. ನನಗೆ ಜರ್ಮನ್ ಕಲಿಸಿದವರು ಮೂರು ವರ್ಷದ ಮಕ್ಕಳು. ವ್ಯಾಕರಣ ಕೇಳಿದರೆ ನಾನು ಒದ್ದಾಡುತ್ತೇನೆ. ಆದರೆ ಒಂದೇ ಕೆಲಸವನ್ನು ಹತ್ತು ಸಲ ಮಾಡುವುದರ ವಿಷಯ ಅಂದರೆ ನನ್ನಷ್ಟು ಅನುಭವ ಯಾರಿಗೂ ಇರಲ್ಲ!

ಮೊದಲು ‘ಯಾವಾಗಲೂ ಮತ್ತೆ’ ಅನ್ನುವುದನ್ನು ತಲೆಯಿಂದ ತೆಗೆಯಿರಿ. ‘ಇಮ್ಮರ್’ ಒಂಟಿಯಾಗಿ ಬಂದಾಗ ಯಾವಾಗಲೂ, ಸರಿ. ಆದರೆ ಇನ್ನೊಂದು ಪದದ ಮುಂದೆ ಅಂಟಿಕೊಂಡು ಬಂದಾಗ ಅದು ಬಹಳ ಸಲ ಬೇರೆ ಕೆಲಸ ಮಾಡುತ್ತದೆ. ನಾವು ಕನ್ನಡದಲ್ಲಿ ಪದವನ್ನು ಎರಡು ಸಲ ಹೇಳುತ್ತೇವಲ್ಲ, ಆ ಕೆಲಸ. ‘ವೀಡರ್’ ಅಂದರೆ ಮತ್ತೆ, ‘ಇಮ್ಮರ್ ವೀಡರ್’ ಅಂದರೆ ಮತ್ತೆ ಮತ್ತೆ. ‘ಮೇರ್’ ಅಂದರೆ ಹೆಚ್ಚು, ‘ಇಮ್ಮರ್ ಮೇರ್’ ಅಂದರೆ ಹೆಚ್ಚು ಹೆಚ್ಚು. ಮಕ್ಕಳು ಮೆಟ್ಟಿಲು ಇಳಿಯುವಾಗ ನಾವು ‘ಇಮ್ಮರ್ ಲಾಂಗ್‌ಸಾಮ್!’ ಅಂತ ಕೂಗುತ್ತೇವೆ. ‘ಯಾವಾಗಲೂ ನಿಧಾನ’ ಅಂತ ಉಪದೇಶ ಅಲ್ಲ ಅದು, ‘ಮೆಲ್ಲಗೆ ಮೆಲ್ಲಗೆ’ ಅಷ್ಟೇ. ಪಾರ್ಕಿಗೆ ಹೊರಟಾಗ ಸಾಲು ನಿಲ್ಲಿಸುವುದು ಹೇಗೆ ಗೊತ್ತಾ? ‘ಇಮ್ಮರ್ ಟ್ಸ್ವೈ ಕಿಂಡರ್’ ಕೈ ಹಿಡಿದುಕೊಳ್ಳಿ ಅನ್ನುತ್ತೇವೆ. ಎರಡೆರಡು ಮಕ್ಕಳು. ಇದು ಹೊಳೆದ ಮೇಲೆ ನನಗೆ ಅರ್ಧ ಜರ್ಮನ್ ಸಲೀಸಾಯಿತು. ನಮ್ಮ ಭಾಷೆಯಲ್ಲಿ ದಿನವಿಡೀ ಮಾಡುವುದನ್ನೇ ಇವರು ‘ಇಮ್ಮರ್’ ಹಾಕಿ ಮಾಡುತ್ತಾರೆ.

ಈಗ ನಿಮ್ಮ ಅಜ್ಜಿ ವಿಷಯ. ‘ಇಮ್ಮರ್ ವೀಡರ್’ನಲ್ಲಿ ಒಂದು ಬಿಡುವು ಇರುತ್ತದೆ. ಒತ್ತಿದರು, ಬಿಟ್ಟರು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಒತ್ತಿದರು. ನಮ್ಮಲ್ಲಿ ಒಬ್ಬ ಹುಡುಗ ಮರದ ದಿಮ್ಮಿಗಳಿಂದ ಗೋಪುರ ಕಟ್ಟುತ್ತಾನೆ. ‘ಡೇರ್ ಟುರ್ಮ್ ಫೆಲ್ಟ್ ಇಮ್ಮರ್ ವೀಡರ್ ಉಮ್’, ಗೋಪುರ ಮತ್ತೆ ಮತ್ತೆ ಬೀಳುತ್ತದೆ. ಬೀಳಬೇಕಾದರೆ ನಡುವೆ ಒಮ್ಮೆ ನಿಂತಿರಬೇಕು, ಅಲ್ವಾ? ಬರೀ ‘ಇಮ್ಮರ್’ ಅಂದರೆ ಆ ಬಿಡುವು ಹೋಗುತ್ತದೆ. ‘ಜೀ ಕ್ಲಿಂಗೆಲ್ಟ್ ಇಮ್ಮರ್’ ಅಂದರೆ ಅದು ಅಜ್ಜಿಯ ಸ್ವಭಾವ ಅಂತ ಹೇಳಿದ ಹಾಗೆ. ಇನ್ನು ‘ಶ್ಟೆಂಡಿಶ್’, ‘ಡೌವೆರ್ನ್ಟ್’ ಇವೆಲ್ಲ ನಾವು ‘ಯಾವಾಗ ನೋಡಿದರೂ ಬೆಲ್ ಒತ್ತುತ್ತಲೇ ಇರುತ್ತಾರೆ’ ಅಂತೀವಲ್ಲ, ಆ ಥರ. ಮಾತಿನ ಜೊತೆಗೆ ನಿಮ್ಮ ಬೇಸರವೂ ಹೋಗುತ್ತದೆ. ನಿಮ್ಮ ಹಿರಿಯ ನರ್ಸ್ ಮುಖ ಗಂಟಿಕ್ಕಿದ್ದು ಅದಕ್ಕೇ ಇರಬೇಕು.

‘ನೊಖ್ ಮಾಲ್’ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಇದಕ್ಕೂ ‘ಇಮ್ಮರ್ ವೀಡರ್’ಗೂ ಗಲಿಬಿಲಿ ಆಗುತ್ತದೆ. ಮಗು ಜಾರುಬಂಡೆ ಇಳಿದ ತಕ್ಷಣ ‘ನೊಖ್ ಮಾಲ್!’ ಅಂತ ಕೂಗುತ್ತದೆ. ಇನ್ನೊಂದು ಸಲ. ಬರೀ ಇನ್ನೊಂದೇ ಸಲ, ಲೆಕ್ಕ ಅಲ್ಲಿಗೆ ನಿಂತಿತು. (ನಿಲ್ಲಲ್ಲ, ಅದು ಬೇರೆ ಮಾತು.) ಸಂಜೆ ತಾಯಿ ಬಂದಾಗ ನಾನು ಹೇಳುವುದು, ‘ಏರ್ ವೊಲ್ಟೆ ಇಮ್ಮರ್ ವೀಡರ್ ರುಟ್ಶೆನ್’, ಮತ್ತೆ ಮತ್ತೆ ಜಾರಬೇಕು ಅಂತಿದ್ದ. ಮಗು ಕೇಳುವುದು ಒಂದೊಂದು ಸಲ. ಎಲ್ಲ ಸಲಗಳನ್ನೂ ಒಟ್ಟಿಗೆ ಹಿಂದಿರುಗಿ ನೋಡುವವಳು ನಾನು. ಹಾಗಾಗಿ ಡಾಕ್ಟರ್ ಹೇಳಿದ್ದು ಕೇಳಿಸದಿದ್ದರೆ ‘ನೊಖ್ ಮಾಲ್, ಬಿಟ್ಟೆ’ (ಇನ್ನೊಂದು ಸಲ, ದಯವಿಟ್ಟು) ಅನ್ನಿ. ‘ಇಮ್ಮರ್ ವೀಡರ್, ಬಿಟ್ಟೆ’ ಅಂದರೆ ಪಾಪ ಅವರು ದಿನವಿಡೀ ಅದನ್ನೇ ಹೇಳುತ್ತಾ ಕೂರಬೇಕಾಗುತ್ತದೆ.

ತಾತನಿಗೆ ಸಾರಿ ಕೇಳಬೇಡಿ! ‘ಶೋನ್ ವೀಡರ್’ ಅಂದರೆ ‘ಆಗಲೇ ಮತ್ತೆನಾ?’ ಅಂತ. ಮಳೆ, ರೈಲು ತಡ, ಲಿಫ್ಟ್ ಕೆಟ್ಟಿದೆ, ಇಂಥದ್ದಕ್ಕೆ ಹೇಳಿದರೆ ಅದು ದೂರು. ಆದರೆ ನಗುತ್ತಾ ‘ಜೀ ಶೋನ್ ವೀಡರ್!’ ಅಂದರೆ ‘ಓಹೋ, ಮತ್ತೆ ನೀವೇನಾ!’ ಅಷ್ಟೇ. ಸಲಿಗೆ ಅದು. ‘ಯಾ, ಇಶ್ ಶೋನ್ ವೀಡರ್’ ಅಂತ ನೀವೂ ನಕ್ಕುಬಿಡಿ. ಅವರು ಥ್ಯಾಂಕ್ಸ್ ಹೇಳಿದರೆ ‘ಇಮ್ಮರ್ ವೀಡರ್ ಗೆರ್ನ್’ ಅನ್ನಿ. ಎಷ್ಟು ಸಲ ಬೇಕಾದರೂ ಸಂತೋಷದಿಂದ ಮಾಡುತ್ತೇನೆ ಅಂತ. ಜರ್ಮನ್ನಿನಲ್ಲಿ ನನಗೆ ಬಹಳ ಇಷ್ಟವಾದ ಮಾತು ಇದು, ಕೇಳಿದವರ ಮುಖವೇ ಬೇರೆ ಆಗುತ್ತದೆ.

ಕೊನೆಗೆ ‘ಯೇಡೆಸ್ ಮಾಲ್’. ಅದಕ್ಕೆ ಒಂದು ಕಾರಣ ಬೇಕು. ಇದಾದಾಗಲೆಲ್ಲ ಅದು. ‘ಯೇಡೆಸ್ ಮಾಲ್, ವೆನ್ ಇಶ್ ಡಾಸ್ ಲಿಶ್ಟ್ ಔಸ್‌ಮಖೆ, ಕ್ಲಿಂಗೆಲ್ಟ್ ಜೀ’, ದೀಪ ಆರಿಸಿದಾಗಲೆಲ್ಲ ಬೆಲ್ ಒತ್ತುತ್ತಾರೆ. ನೀವೇ ಮೇಲೆ ‘ಹೋದಾಗಲೆಲ್ಲ’ ಅಂತ ಬರೆದಿದ್ದೀರಿ ನೋಡಿ. ಆ ‘ಆಗಲೆಲ್ಲ’ ಬಂದ ಕಡೆ ಕಣ್ಣು ಮುಚ್ಚಿ ‘ಯೇಡೆಸ್ ಮಾಲ್, ವೆನ್’ ಅಥವಾ ‘ಇಮ್ಮರ್ ವೆನ್’ ಹಾಕಿ. ಒಂದು ಪದವೋ ಎರಡು ಪದವೋ ನನಗೆ ಗೊತ್ತಿಲ್ಲ, ಮ್ಯೂನಿಕ್ ಸರ್ ಬಂದು ಹೇಳುತ್ತಾರೆ. ಅವರು ಬರದೇ ಇರಲ್ಲ.

ಮ್ಯೂನಿಕ್_ಮಾಧ್ವ:

ಬಂದೆ.

ಎರಡು ಪದ. 1996ರ ಕಾಗುಣಿತ ಸುಧಾರಣೆಗೆ ಮುಂಚೆ ಒಂದೇ ಪದವಾಗಿ ಬರೆಯುತ್ತಿದ್ದರು. ಈಗ ಬಿಡಿಸಿ ಬರೆಯಬೇಕು, ‘ಮಾಲ್’ನ ಮೊದಲ ಅಕ್ಷರ ದೊಡ್ಡದು. ನಿಮ್ಮ ಅವೆನ್ಯೂ ರೋಡ್ ಪುಸ್ತಕ ಅದಕ್ಕೂ ಹಳೆಯದು. ಬಿಸಾಡಬೇಡಿ, ವಾಕ್ಯರಚನೆ ಏನೂ ಬದಲಾಗಿಲ್ಲ.

ಅಕ್ಕ ಹೇಳಿದ ಜೋಡಿಪದದ ಸೂತ್ರ ಚೆನ್ನಾಗಿದೆ. ಜರ್ಮನ್ನಿನಲ್ಲೇ ‘ವೀಡರ್ ಉಂಟ್ ವೀಡರ್’ ಅಂತಲೂ ಇದೆ, ಅರ್ಥ ಅದೇ, ಸ್ವಲ್ಪ ಒತ್ತಿ ಹೇಳುವುದು. ಆದರೆ ಎಲ್ಲಾ ಕಡೆ ಈ ಸೂತ್ರ ಹೊಂದಲ್ಲ. ‘ಇಮ್ಮರ್ ನೊಖ್’ ಅಂದರೆ ಬರೀ ‘ಇನ್ನೂ’. ‘ವೀ ಇಮ್ಮರ್’ ಅಂದರೆ ಎಂದಿನಂತೆ. ‘ಫ್ಯೂರ್ ಇಮ್ಮರ್’ ಅಂದರೆ ಶಾಶ್ವತವಾಗಿ. ಇವನ್ನು ಸುಮ್ನೆ ಬಾಯಿಪಾಠ ಮಾಡಿ.

ಜಾಗದ ಪ್ರಶ್ನೆ. ಭೂತಕಾಲದಲ್ಲಿ ‘ಹಾಟ್’ ಅನ್ನುವ ಸಹಾಯಕ ಕ್ರಿಯಾಪದಕ್ಕೂ ಕೊನೆಯ ಕ್ರಿಯಾಪದಕ್ಕೂ ನಡುವೆ. ಸರ್ವನಾಮ ಇದ್ದರೆ ಅದು ಮೊದಲು, ಆಮೇಲೆ ‘ಇಮ್ಮರ್ ವೀಡರ್’. ‘ಏರ್ ಹಾಟ್ ಮಿಶ್ ಇಮ್ಮರ್ ವೀಡರ್ ಗೆಫ್ರಾಕ್ಟ್’, ಅವರು ನನ್ನನ್ನು ಮತ್ತೆ ಮತ್ತೆ ಕೇಳಿದರು. ‘ವೈಲ್’ (ಏಕೆಂದರೆ) ಬಂದರೆ ಕ್ರಿಯಾಪದ ಕೊನೆಗೆ ಹೋಗುತ್ತದೆ: ‘ವೈಲ್ ಏರ್ ಮಿಶ್ ಇಮ್ಮರ್ ವೀಡರ್ ಫ್ರಾಕ್ಟ್’. ಒತ್ತಿ ಹೇಳಬೇಕಾದರೆ ವಾಕ್ಯದ ಮೊದಲಿಗೇ ತನ್ನಿ. ಆಗ ಕ್ರಿಯಾಪದ ತಕ್ಷಣ ಬರಬೇಕು, ಕರ್ತೃ ಆಮೇಲೆ: ‘ಇಮ್ಮರ್ ವೀಡರ್ ಫ್ರಾಕ್ಟ್ ಏರ್ ಮಿಶ್’. ಕನ್ನಡದವರು ಜಾಸ್ತಿ ಎಡವುವುದು ಇಲ್ಲೇ, ಏಕೆಂದರೆ ನಮಗೆ ‘ಮತ್ತೆ ಮತ್ತೆ’ ಎಲ್ಲಿಟ್ಟರೂ ನಡೆಯುತ್ತದೆ.

‘ಇಮ್ಮರ್’, ‘ವೀಡರ್’ ಎರಡನ್ನೂ ಬೇರೆ ಮಾಡಬೇಡಿ. ನಡುವೆ ಸಲೀಸಾಗಿ ತೂರಿಕೊಳ್ಳುವುದು ಪುಟ್ಟ ‘ಮಾಲ್’. ‘ಇಮ್ಮರ್ ಮಾಲ್ ವೀಡರ್’ ಅಂದರೆ ಆಗೊಮ್ಮೆ ಈಗೊಮ್ಮೆ. ‘ಹಿನ್ ಉಂಟ್ ವೀಡರ್’, ‘ಅಪ್ ಉಂಟ್ ಟ್ಸೂ’ ಕೂಡ ಅದೇ ತೂಕ.

ಉಚ್ಚಾರ: ಒತ್ತು ‘ವೀ’ ಮೇಲೆ. ‘ವೀಡರ್’ ಅನ್ನುವ ಕಡೆ ‘ವೈಟರ್’ ಅಂದರೆ ಅರ್ಥ ಬದಲು. ‘ಇಮ್ಮರ್ ವೈಟರ್’ ಅಂದರೆ ನಿಲ್ಲದೆ ಮುಂದೆ ಮುಂದೆ. ಬರವಣಿಗೆಯಲ್ಲಿ i, e ಅಕ್ಷರಗಳು ಯಾವ ಕ್ರಮದಲ್ಲಿವೆ ಅಂತ ನೋಡಿಕೊಳ್ಳಿ. ‘i’ ಮೊದಲಿದ್ದರೆ (ie) ಉದ್ದ ಈಕಾರ, ‘e’ ಮೊದಲಿದ್ದರೆ (ei) ಐಕಾರ.

ಇಷ್ಟೆಲ್ಲ ಕಲಿತು ಮ್ಯೂನಿಕ್‌ಗೆ ಬಂದರೆ ಇಲ್ಲಿನ ಹಳಬರು ‘ಇಮ್ಮರ್’ ಅನ್ನುವುದೇ ಇಲ್ಲ. ‘ಓಯ್‌ವೈ’ ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ.

ಡಾರ್ಟ್‌ಮುಂಡ್_ಬ್ರದರ್:

ನಾನೂ ನರ್ಸೇ, ಮಂಗಳೂರಿನವನು. ಮೇಲಿನವರು ಭಾಷೆ ಹೇಳಿದ್ದಾರೆ, ನಾನು ಕೆಲಸದ ಮಾತು ಹೇಳುತ್ತೇನೆ.

ಸಿಸ್ಟರ್, ಬಾಯಿಮಾತಿನ ಊಬರ್‌ಗಾಬೆಯಲ್ಲಿ ‘ಇಮ್ಮರ್ ವೀಡರ್’ ಧಾರಾಳವಾಗಿ ಬಳಸಿ. ಆದರೆ ದಾಖಲೆಯಲ್ಲಿ ಬರೆಯುವಾಗ ಅಷ್ಟಕ್ಕೇ ನಿಲ್ಲಿಸಬೇಡಿ. ಮತ್ತೆ ಮತ್ತೆ ಅಂದರೆ ಎರಡು ಸಲವೋ ಇಪ್ಪತ್ತು ಸಲವೋ, ಓದಿದ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ‘ಫೀರ್‌ಮಾಲ್’ ಅಂತ ಬರೆಯಿರಿ, ನಾಲ್ಕು ಸಲ. ಗಂಟೆ ಹಾಕಿ. ಯಾಕೆ ಒತ್ತಿದರು, ನೀವೇನು ಮಾಡಿದಿರಿ, ಅದನ್ನೂ ಬರೆಯಿರಿ. ಲೆಕ್ಕ ಇಟ್ಟಿಲ್ಲ ಅಂದರೆ ‘ಮೇರ್‌ಮಾಲ್ಸ್’, ಹಲವು ಸಲ, ಅಂದರೂ ನಡೆಯುತ್ತದೆ. ಬಣ್ಣವಿಲ್ಲದ ಪದ ಅದು. ‘ಶ್ಟೆಂಡಿಶ್’, ‘ಡೌವೆರ್ನ್ಟ್’ ದಾಖಲೆಗೆ ತರಲೇಬೇಡಿ. ಅದು ರೋಗಿಯ ಬಗ್ಗೆ ತೀರ್ಪು ಕೊಟ್ಟಂತೆ. ಆ ಫೈಲನ್ನು ನಾಳೆ ಅಜ್ಜಿಯ ಮಗಳೂ ಓದಬಹುದು.

ಡಾಕ್ಟರ ಪತ್ರಗಳಲ್ಲಿ ‘ರೆಟ್ಸಿಡಿವೀರೆಂಟ್’ ಅಂತ ಕಾಣುತ್ತದಲ್ಲ, ಅದು ‘ಇಮ್ಮರ್ ವೀಡರ್’ನ ಕೋಟು ತೊಟ್ಟ ಅಣ್ಣ. ಹೋಗಿ ಬರುವ ತಲೆನೋವು, ಮರುಕಳಿಸುವ ಮೂತ್ರದ ಸೋಂಕು, ಇಂಥದ್ದಕ್ಕೆ. ರೋಗಿಯ ಜೊತೆ ಮಾತಾಡುವಾಗ ಅದನ್ನು ಬಳಸಬೇಡಿ. ‘ನೋವು ಇಮ್ಮರ್ ವೀಡರ್ ಬರುತ್ತದಾ, ಅಥವಾ ಇಮ್ಮರ್ ಇರುತ್ತದಾ?’ ಅಂತ ಕೇಳಿ. ಈ ಒಂದು ಪ್ರಶ್ನೆ ಸರಿಯಾಗಿ ಕೇಳಿದರೆ ಸಾಕು. ಬಿಟ್ಟು ಬಿಟ್ಟು ಬರುವ ನೋವು ಬೇರೆ, ಒಂದೇ ಸಮ ಇರುವ ನೋವು ಬೇರೆ, ನಮಗೆ ಗೊತ್ತಿರುವ ವಿಷಯವೇ.

ನಿಗದಿತ ಅಂತರದಲ್ಲಿ ಮಾಡುವ ಕೆಲಸಕ್ಕೆ ಇದ್ಯಾವುದೂ ಬೇಡ. ಮಗ್ಗುಲು ಬದಲಿಸುವುದು ‘ಆಲ್ಲೆ ಟ್ಸ್ವೈ ಶ್ಟುಂಡೆನ್’, ಎರಡೆರಡು ಗಂಟೆಗೆ. ಪಟ್ಟಿ ಬದಲಿಸುವುದು ‘ಯೇಡೆನ್ ಟ್ಸ್ವೈಟೆನ್ ಟಾಕ್’, ದಿನ ಬಿಟ್ಟು ದಿನ. ಇದನ್ನು ‘ಪ್ರತಿ ಎರಡನೇ ದಿನ’ ಅಂತ ಎಣಿಸಿಕೊಂಡರೆ ಗಲಿಬಿಲಿ ಆಗಲ್ಲ.

ನೈಟ್‌ಡ್ಯೂಟಿ_ಹಾಸನ:

ಅಕ್ಕ, ಸರ್, ಬ್ರದರ್, ಮೂವರಿಗೂ ತುಂಬಾ ಥ್ಯಾಂಕ್ಸ್. ‘ಎರಡೆರಡು ಮಕ್ಕಳು’ ಓದಿ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಇವತ್ತು ರಾತ್ರಿಗೆ ಎರಡು ವಾಕ್ಯ ಸಿದ್ಧ ಮಾಡಿಟ್ಟುಕೊಂಡಿದ್ದೇನೆ, ನೋಡಿ.

ಬೀಳುವ ಭಯ ಇರುವ ಒಬ್ಬ ತಾತ ಇದ್ದಾರೆ, ರಾತ್ರಿ ಎದ್ದು ಎದ್ದು ಓಡಾಡುತ್ತಾರೆ. ‘ಏರ್ ಇಸ್ಟ್ ನಖ್ಟ್ಸ್ ಇಮ್ಮರ್ ವೀಡರ್ ಔಫ್‌ಗೆಶ್ಟಾಂಡೆನ್’. ಸರಿಯಾ?

ಇನ್ನೊಂದರಲ್ಲಿ ಅನುಮಾನ. ‘ನಾನು ರೂಮಿಗೆ ಹೋದಾಗ ಅವರು ಮಲಗಿದ್ದರು’ ಅಂತ ಹೇಳಬೇಕು. ಭೂತಕಾಲ ಅಂದಮೇಲೆ ‘ಆಲ್ಸ್’ ಅಂತ ಕ್ಲಾಸಿನಲ್ಲಿ ಹೇಳಿದ್ದರು. ಅಕ್ಕ ‘ವೆನ್’ ಅಂತಿದ್ದಾರೆ. ಯಾವುದು?

ಕಿಟಾ_ಅಕ್ಕ:

ಮೊದಲನೆಯದು ಚೆನ್ನಾಗಿದೆ, ‘ಎದ್ದು ಎದ್ದು’ ಅಂತ ನೀವು ಬರೆದಿದ್ದರಲ್ಲೇ ನಮ್ಮ ಸೂತ್ರ ಇದೆ ನೋಡಿ! ‘ಹಾಟ್’ ಹಾಕದೆ ‘ಇಸ್ಟ್’ ಹಾಕಿದ್ದೀರಿ, ಭೇಷ್.

ಎರಡನೆಯದು ನೀವು ಎಷ್ಟು ಸಲ ಹೋದಿರಿ ಅನ್ನುವುದರ ಮೇಲೆ ನಿಂತಿದೆ. ಕನ್ನಡದಲ್ಲಿ ‘ಹೋದಾಗ’ ಅಂದರೆ ಎರಡೂ ಆಗಬಹುದು, ಕೇಳಿದವರು ಅರ್ಥ ಮಾಡಿಕೊಳ್ಳುತ್ತಾರೆ. ಜರ್ಮನ್ನರಿಗೆ ಬಿಡಿಸಿ ಹೇಳಬೇಕು. ರಾತ್ರಿ ಎರಡು ಗಂಟೆಗೆ ಒಂದೇ ಒಂದು ಸಲ ಹೋದಿರಿ, ಆಗ ಮಲಗಿದ್ದರು ಅಂದರೆ ‘ಆಲ್ಸ್’. ರಾತ್ರಿ ಮೂರು ಸಲ ಹೋದಿರಿ, ಮೂರು ಸಲವೂ ಮಲಗಿದ್ದರು ಅಂದರೆ ‘ಇಮ್ಮರ್ ವೆನ್’. ‘ಹೋದಾಗ’ ಜಾಗದಲ್ಲಿ ‘ಹೋದಾಗಲೆಲ್ಲ’ ಇಟ್ಟು ನೋಡಿ, ಮಾತು ಸರಿಹೋದರೆ ‘ವೆನ್’. ‘ನಾನು ಚಿಕ್ಕವಳಿದ್ದಾಗ’ ಅನ್ನುವುದಕ್ಕೆ ‘ಆಗಲೆಲ್ಲ’ ಹಾಕಲು ಆಗಲ್ಲ, ಹಾಗಾಗಿ ಅದು ಎಷ್ಟೇ ವರ್ಷ ನಡೆದಿರಲಿ, ‘ಆಲ್ಸ್’.

ಮ್ಯೂನಿಕ್_ಮಾಧ್ವ:

ಸರಿ ಇದೆ. ಒಂದು ಸೇರಿಸುತ್ತೇನೆ. ಇದು ಭೂತಕಾಲಕ್ಕೆ ಮಾತ್ರ. ವರ್ತಮಾನ, ಭವಿಷ್ಯಕ್ಕೆ ಒಂದೇ ಸಲ ಆಗುವುದಿದ್ದರೂ ‘ವೆನ್’. ‘ನಾಳೆ ಡಾಕ್ಟರ್ ಬಂದಾಗ’ ಅನ್ನಲು ‘ಆಲ್ಸ್’ ಬಳಸಬೇಡಿ.

ಡಾರ್ಟ್‌ಮುಂಡ್_ಬ್ರದರ್:

ಎದ್ದು ಓಡಾಡುವ ತಾತನ ವಾಕ್ಯ ಹೇಳಿದ ಮೇಲೆ ಎಷ್ಟು ಗಂಟೆಗೆ ಎದ್ದರು, ಚಪ್ಪಲಿ ಹಾಕಿದ್ದರಾ, ಬೆಲ್ ಕೈಗೆ ಸಿಗುವಂತಿತ್ತಾ, ಅದನ್ನೂ ಹೇಳಿ ಸಿಸ್ಟರ್. ಬೆಳಗಿನವರು ಮೊದಲು ಕೇಳುವುದು ಅದನ್ನೇ.